ಕ್ಯಾಸೆಟ್ಟು ತಿರುಗಿಸುವಷ್ಟು ಹೊತ್ತು

ಅವನನ್ನು ಬೀದಿಯವರೆಲ್ಲ ವಿಡಿಯೋ ಮಾಮ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇತ್ತು, ಇಲ್ಲದೆ ಏನು? ಆದರೆ ಅದು ಕರೆಂಟು ಬಿಲ್ಲಿನ ಮೇಲೆ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಬೀದಿಯ ತಿರುವಿನಲ್ಲಿ ಒಂದು ಟೈಲರ್ ಅಂಗಡಿ, ಅದರ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಮಾಮನ ಕೋಣೆ. ಒಂದು ಕಿಟಕಿ, ಎರಡು ಮೇಜು, ಮೂರು ವಿಸಿಆರ್. ಮೂರರಲ್ಲಿ ಒಂದಕ್ಕೆ ಮಾತ್ರ ಜೀವವಿತ್ತು. ಉಳಿದೆರಡು ಅದಕ್ಕೆ ತಮ್ಮ ಬೆಲ್ಟು, ಗಾಲಿ, ಸ್ಪ್ರಿಂಗು ಕೊಟ್ಟು ಕೊಟ್ಟು ಒಳಗೆಲ್ಲ ಟೊಳ್ಳಾಗಿದ್ದವು. ಗೋಡೆಯುದ್ದಕ್ಕೂ ಟೇಪುಗಳ ರಾಶಿ. ನಾಳೆ ಬಂದು ತಗೊಂಡು ಹೋಗ್ತೀನಿ ಅಂದವರು ವರ್ಷಗಟ್ಟಲೆ ಬಾರದೆ ಬಿಟ್ಟುಹೋದವು.

ಒಂದು ಕಾಲದಲ್ಲಿ ಮಾಮನ ಕ್ಯಾಮೆರಾ ಇಲ್ಲದೆ ಆ ಸುತ್ತಮುತ್ತ ಮದುವೆಯಾಗಲಿ ಹುಟ್ಟುಹಬ್ಬವಾಗಲಿ ನಡೆಯುತ್ತಿರಲಿಲ್ಲ. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ. ಹಾಗಾಗಿ ಮಾಮ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ ಪೆನ್ ಡ್ರೈವಿನಲ್ಲಿ ತುಂಬಿಕೊಡುವ ಕೆಲಸ ಹಿಡಿದ. ಅದೇನು ಮಹಾ, ಒಂದು ಕಡೆಯಿಂದ ವೈರು ಚುಚ್ಚಿ ಇನ್ನೊಂದು ಕಡೆಯಿಂದ ತೆಗೆದರಾಯಿತು ಅಂದುಕೊಳ್ಳುವವರು ಒಂದು ದಿನ ಆ ಕುರ್ಚಿಯಲ್ಲಿ ಕೂತು ನೋಡಬೇಕು. ವಿಸಿಆರ್‌ನಿಂದ ಒಂದು ಪುಟ್ಟ ಡಬ್ಬಿಗೆ ವೈರು, ಡಬ್ಬಿಯಿಂದ ಕಂಪ್ಯೂಟರಿಗೆ ವೈರು. ಟೇಪು ಓಡುವಾಗ ಕಂಪ್ಯೂಟರು ಅರೆಕ್ಷಣ ಬೇರೆ ಕಡೆ ಗಮನ ಕೊಟ್ಟರೂ ಸಾಕು, ಅಷ್ಟು ಚಿತ್ರ ಬಿದ್ದುಹೋಯಿತು. ವೈರಸ್ ಹುಡುಕುವ ಪ್ರೋಗ್ರಾಮು ಸರಿಯಾಗಿ ಆಗಲೇ ಎದ್ದು ಕೂರುತ್ತದೆ. ಅದನ್ನು ಮಲಗಿಸಿದರೆ ಹಾರ್ಡ್ ಡಿಸ್ಕ್ ತುಂಬಿದೆ ಅನ್ನುತ್ತದೆ. ಅದನ್ನು ಖಾಲಿ ಮಾಡಿದರೆ, ಒಂದು ಗಂಟೆ ಓಡುವಷ್ಟರಲ್ಲಿ ಮಾತು ಒಂದು ದಾರಿ, ತುಟಿ ಒಂದು ದಾರಿ. ಮದುಮಗ ಬಾಯಿ ಮುಚ್ಚಿದ ಮೇಲೆ ಅವನ ನಗು ಕೇಳಿಸುತ್ತದೆ. ಮಾಮ ಅದನ್ನು ಹತ್ತು ಹತ್ತು ನಿಮಿಷದ ತುಂಡು ಮಾಡಿ, ಪ್ರತಿ ತುಂಡಿನಲ್ಲೂ ತುಟಿಗೆ ಮಾತು ಕೂರಿಸಿ, ಮತ್ತೆ ಹೊಲಿದು ಕೊಡುತ್ತಿದ್ದ. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ. ಅರವತ್ತು ದಾಟಿದ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕೂತು, ಬೈದುಕೊಂಡು, ತಾನೇ ಕಲಿತದ್ದು.

ಅವನ ಒಂದು ಗುಣ ಮಾತ್ರ ಯಾರಿಗೂ ಹಿಡಿಸುತ್ತಿರಲಿಲ್ಲ. ಗಲಾಟೆ ಅಂದರೆ ಅವನಿಗೆ ಆಗದು. ಕೆಳಗೆ ಟೈಲರು ಮೆಷಿನ್ನಿಗೆ ಮೋಟಾರು ಹಾಕಿಸಿದಾಗ ಇಬ್ಬರೂ ಮೂರು ತಿಂಗಳು ಮುಖ ತಿರುಗಿಸಿಕೊಂಡು ಓಡಾಡಿದ್ದರು. ಮನೆಯಲ್ಲೂ ಅಷ್ಟೇ. ಮದುವೆಯಾಗಿ ಬಂದ ಹೊಸತರಲ್ಲಿ ಹೆಂಡತಿ ಬಾಗಿಲಲ್ಲೇ ಮಾತು ಶುರು ಮಾಡುತ್ತಿದ್ದಳು. ದಿನವಿಡೀ ಜನರ ಸದ್ದು ಕೇಳಿ ಕಿವಿ ತೂತಾಗಿ ಬಂದ ಮಾಮ ಅಂಗೈ ಎತ್ತಿ, ಸ್ವಲ್ಪ ಸುಮ್ನಿರು ಮಾರಾಯ್ತಿ ಅನ್ನುತ್ತಿದ್ದ. ಎಷ್ಟು ವರ್ಷ ಅಂದನೋ ಏನೋ, ಆಮೇಲಾಮೇಲೆ ಆ ಅಂಗೈ ಎತ್ತುವ ಅಗತ್ಯವೇ ಬೀಳಲಿಲ್ಲ.

ಆ ಹುಡುಗಿ ಬಂದದ್ದು ಒಂದು ಸೋಮವಾರ ಬೆಳಗ್ಗೆ. ಹುಡುಗಿ ಅಂದರೆ ಮೂವತ್ತರ ಹತ್ತಿರದವಳು. ಕಣ್ಣಾಸ್ಪತ್ರೆಯೊಂದರ ಬಾಗಿಲಲ್ಲಿ ಕೂತು ಟೋಕನ್ ನಂಬರು ಕೂಗುವುದು ಅವಳ ಕೆಲಸ, ಹಾಗಾಗಿ ಟೋಕನ್ ಹುಡುಗಿ ಅನ್ನೋಣ. ಬ್ಯಾಗಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ವಿಡಿಯೋ ಟೇಪು ತೆಗೆದು ಮೇಜಿನ ಮೇಲಿಟ್ಟಳು. ಅದಕ್ಕೆ ಅಂಟಿಸಿದ ಚೀಟಿಯ ಮೇಲೆ ‘ಪುಟ್ಟಿಯ ಮೊದಲನೇ ಹುಟ್ಟುಹಬ್ಬ’ ಅಂತ ಬರೆದಿತ್ತು. ಅದರ ಕೆಳಗೆ ನೀಲಿ ಮಸಿಯಲ್ಲಿ ಮಾಮನದೇ ಸೀಲು.

ಪುಟ್ಟಿ ಅಂದರೆ ಅವಳೇ. ಆ ಹುಟ್ಟುಹಬ್ಬ ಕಳೆದು ನಾಲ್ಕು ತಿಂಗಳಿಗೆ ಅವಳ ಅಮ್ಮ ಜ್ವರದಲ್ಲಿ ತೀರಿಕೊಂಡಳು. ಅಪ್ಪ ಇನ್ನೊಂದು ಮದುವೆಯಾದ. ಬಂದ ಚಿಕ್ಕಮ್ಮ ಒಳ್ಳೆಯವಳೇ. ಆದರೆ ಸತ್ತವಳ ಸುದ್ದಿಯನ್ನು ಅಪ್ಪ ಮನೆಯಲ್ಲಿ ಒಂದು ದಿನವೂ ಎತ್ತಲಿಲ್ಲ. ಈಗ ಎರಡು ತಿಂಗಳ ಹಿಂದೆ ಅವನೂ ಹೋದ. ಬೀರು ಖಾಲಿ ಮಾಡುವಾಗ ಶರ್ಟುಗಳ ಅಡಿಯಲ್ಲಿ ಈ ಟೇಪು ಸಿಕ್ಕಿತು. ಇದನ್ನೆಲ್ಲ ಅವಳು ಟೋಕನ್ ನಂಬರು ಹೇಳುವ ಹಾಗೆ ಒಂದೊಂದಾಗಿ, ಸ್ಪಷ್ಟವಾಗಿ ಹೇಳಿದಳು.

ಸೋದರತ್ತೆ ಹೇಳುವ ಪ್ರಕಾರ ಅವಳದು ಥೇಟ್ ಅಮ್ಮನ ದನಿ. ದೊಡ್ಡಮ್ಮ ಅದಕ್ಕೆ ಮೂಗು ಮುರಿದು, ಎಲ್ಲಿಯ ಮಾತು, ನನ್ನ ತಂಗಿಯದು ಇನ್ನೂ ತೆಳು ದನಿ ಅನ್ನುತ್ತಾಳೆ. ಇಬ್ಬರೂ ಬಿಟ್ಟುಕೊಡುವವರಲ್ಲ. ಆಸ್ಪತ್ರೆಯಲ್ಲಿ ದಿನಕ್ಕೆ ಮುನ್ನೂರು ಸಲ ಅವಳ ದನಿ ಮೈಕಿನಲ್ಲಿ ಹೊರಡುತ್ತದೆ. ಪ್ರತಿ ಸಲವೂ ಅವಳಿಗೆ ಅದೇ ಯೋಚನೆ.

“ಚಿತ್ರ ಹೇಗಿದ್ರೂ ಪರವಾಗಿಲ್ಲ ಮಾಮ. ಫೋಟೋ ಬೇಕಾದಷ್ಟಿವೆ,” ಅಂದಳು. “ನನಗೆ ಅಮ್ಮನ ದನಿ ಬೇಕು. ನಾನು ಕೇಳೇ ಇಲ್ಲ. ಕೇಳಿದ್ರೂ ನೆನಪಿಲ್ಲ.”

ಮಾಮ ಟೇಪನ್ನು ಬೆಳಕಿಗೆ ಹಿಡಿದು ನೋಡಿದ. ಒಳಗೆ ಬೂದಿ ಬಳಿದ ಹಾಗೆ ಬೂಷ್ಟು. ಇನ್ನೊಂದು ವರ್ಷ ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಅದೂ ಸಾಲದೆಂಬಂತೆ ಟೇಪನ್ನು ಪೂರ್ತಿ ಸುತ್ತಿಡದೆ ನಡುವೆಯೇ ನಿಲ್ಲಿಸಿಬಿಟ್ಟಿದ್ದರು. ನೋಡಿದ ಮೇಲೆ ಹಿಂದಕ್ಕೆ ಸುತ್ತಿಡಬೇಕು ಅನ್ನುವ ಬುದ್ಧಿ ಜನಕ್ಕೆ ಯಾವತ್ತೂ ಬರಲಿಲ್ಲ ಅಂತ ಅವನು ಗೊಣಗಿದ. ಆದರೆ ಹುಡುಗಿಯ ಮುಖ ನೋಡಿ ಮನಸ್ಸು ಕರಗಿತು. ತನ್ನದೇ ಸೀಲು ಬೇರೆ. ಹಿಂದೆ ಮುಂದೆ ನೋಡದೆ ಮಾತು ಕೊಟ್ಟುಬಿಟ್ಟ.

“ಗುರುವಾರ ಬಾಮ್ಮ. ನಿಮ್ಮಮ್ಮ ಏನೇನು ಮಾತಾಡಿದಾರೋ ಅಷ್ಟೂ ನಿನ್ನ ಕೈಲಿಡ್ತೀನಿ.”

ಆ ಮಾತು ಆಡುವಾಗ ಅವನಿಗೆ ಬೂಷ್ಟಿನದೊಂದೇ ಚಿಂತೆ. ಇನ್ನೊಂದು ವಿಷಯ ನೆನಪಿಗೇ ಬರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಹಿಂದಿನದು, ಯಾರಿಗೆ ತಾನೇ ನೆನಪಿರುತ್ತದೆ ಹೇಳಿ.

ಸೋಮವಾರವೆಲ್ಲ ಟೇಪು ಬಿಚ್ಚಿ, ಸ್ಪಿರಿಟ್ಟು ಸವರಿದ ಹತ್ತಿಬಟ್ಟೆಯ ನಡುವೆ ಅಂಗುಲ ಅಂಗುಲವಾಗಿ ಎಳೆದು ಒರೆಸಿದ. ಒರೆಸುತ್ತ ಅದನ್ನು ಶುರುವಿಗೆ ಸುತ್ತಿ, ಮಂಗಳವಾರ ಬೆಳಗ್ಗೆ ವೈರಸ್ ಪ್ರೋಗ್ರಾಮು ಮಲಗಿಸಿ, ಜಾಗ ಖಾಲಿ ಮಾಡಿ, ಟೇಪು ಹಾಕಿದ. ಕಪ್ಪು ತೆರೆಯ ಮೇಲೆ ಹೂಗಳು ಉದುರಿದವು, ಎರಡು ಪುಟ್ಟ ಗಂಟೆಗಳು ತೂಗಿದವು, ಮಗುವಿನ ಫೋಟೋ ತಿರುಗುತ್ತ ಬಂದು ನಿಂತಿತು. ಒಂದು ನಿಮಿಷದ ಆ ಹೂವಿನಾಟ ಮಾಮನದೇ ಕೈಚಳಕ. ಅದು ಮುಗಿದು ಮನೆಯ ನಡುಕೋಣೆ ಬಂತು. ಬಣ್ಣದ ಬಲೂನು, ಮೇಜಿನ ಮೇಲೆ ಕೇಕು, ಮಗುವನ್ನೆತ್ತಿಕೊಂಡ ಇಪ್ಪತ್ತು ಇಪ್ಪತ್ತೊಂದರ ತಾಯಿ. ತಾಯಿ ಬಾಯಿ ತೆರೆದಳು. ಸ್ಪೀಕರಿನಲ್ಲಿ ಹಾಡು ಶುರುವಾಯಿತು.

ಮಾಮ ಸ್ಪೀಕರಿಗೆ ಕಿವಿಯಿಟ್ಟ. ಹಾಡು ಬಿಟ್ಟರೆ ಬೇರೇನೂ ಇರಲಿಲ್ಲ.

ಆ ಕಾಲದ ರೀತಿಯೇ ಹಾಗಿತ್ತು. ಕ್ಯಾಮೆರಾದ ಮೈಕಿಗೆ ಸಿಗುವುದು ತಟ್ಟೆ ಸದ್ದು, ಮಕ್ಕಳ ಅಳು, ಕುರ್ಚಿ ಎಳೆಯುವುದು, ಯಾರೋ ಯಾರನ್ನೋ ಕೂಗುವುದು. ಅದಕ್ಕೆ ಕಸುಬಿನವರು ‘ಅಸಲು ಶಬ್ದ’ ಅನ್ನುತ್ತಿದ್ದರು, ಕಸ ಅನ್ನುವ ಧಾಟಿಯಲ್ಲಿ. ಕ್ಯಾಮೆರಾದ ಟೇಪಿನಿಂದ ಗಿರಾಕಿಯ ಟೇಪಿಗೆ ಇಳಿಸುವಾಗ ನಡುವೆ ಎರಡು ಗುಂಡಿಗಳ ಒಂದು ಯಂತ್ರ ಇರುತ್ತಿತ್ತು. ಒಂದು ಅಸಲು ಶಬ್ದಕ್ಕೆ, ಇನ್ನೊಂದು ಹಾಡಿಗೆ. ಮೊದಲನೆಯದನ್ನು ಪೂರ್ತಿ ಕೆಳಗೆಳೆದು, ಎರಡನೆಯದನ್ನು ಪೂರ್ತಿ ಮೇಲಕ್ಕೆ ತಳ್ಳಿದರೆ ವಿಡಿಯೋ ತಯಾರು. ಎಲ್ಲರೂ ಹಾಗೇ ಮಾಡುತ್ತಿದ್ದರು. ಆದರೆ ಮಾಮ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದ. ಒಂದು ಗದ್ದಲವೂ ಕೇಳಿಸಬಾರದು, ಅದು ಅವನ ಹಟ. ಮಾಮನ ವಿಡಿಯೋ ಅಂದರೆ ಸಿನಿಮಾ ನೋಡಿದ ಹಾಗಿರುತ್ತೆ ಅಂತ ಜನ ಹೇಳುತ್ತಿದ್ದರು, ಅವನು ಉಬ್ಬಿಹೋಗುತ್ತಿದ್ದ.

ಕ್ಯಾಮೆರಾದ ಅಸಲು ಟೇಪು? ಅದನ್ನು ಹುಡುಕುವ ಮಾತೇ ಇಲ್ಲ. ಟೇಪು ತುಟ್ಟಿ ಅಂತ ಒಂದರ ಮೇಲೆ ಒಂದು ಐದಾರು ಕಾರ್ಯಕ್ರಮ ಅಳಿಸಿ ಬರೆಯುತ್ತಿದ್ದ ಕಾಲ. ಆ ಮಗುವಿನ ಹುಟ್ಟುಹಬ್ಬದ ಮೇಲೆ ಮುಂದಿನ ವಾರವೇ ಯಾರದೋ ಮದುವೆ ಕೂತಿರುತ್ತದೆ.

ಮಾಮ ತಲೆ ಮೇಲೆ ಕೈ ಹೊತ್ತು ನೋಡುತ್ತ ಕೂತ. ಆ ತಾಯಿಯೋ ಮಾತಿನ ಮಲ್ಲಿ. ಮಗುವಿನ ಹತ್ತಿರ ಮಾತು, ಬಂದವರ ಹತ್ತಿರ ಮಾತು, ಗಂಡನಿಗೆ ಏನೋ ಕೀಟಲೆ, ಕ್ಯಾಮೆರಾ ಕಡೆ ತಿರುಗಿ ಮತ್ತೇನೋ. ಮಗುವಿನ ಮೂಗು ಹಿಡಿದು ಒಂದು ಪದವನ್ನು ಬಿಡಿಸಿ ಬಿಡಿಸಿ ಹೇಳಿಕೊಡುತ್ತಿದ್ದಾಳೆ. ಅದು ಏನು ಪದ? ಮಾಮ ಪರದೆಗೆ ಮೂಗು ತಗುಲುವಷ್ಟು ಬಾಗಿ ಅವಳ ತುಟಿ ನೋಡಿದ. ಹಾಡು ಕೊಳಲಿನ ಮೇಲೆ ಕೊಳಲು ಸುರಿಯುತ್ತಿತ್ತು. ತನ್ನದೇ ಕೆಲಸವನ್ನು ಅವನು ಅವತ್ತು ಮೊದಲ ಸಲ ಬೈದ, ಬಾಯಿ ತುಂಬ ಬೈದು, ಟೇಪು ಅರ್ಧಕ್ಕೆ ಬರುವ ಮೊದಲೇ ನಿಲ್ಲಿಸಿಬಿಟ್ಟ.

ಆ ಸಂಜೆ ಮನೆಯಲ್ಲಿ ಊಟ ಸೇರಲಿಲ್ಲ. ಹೆಂಡತಿ ತಟ್ಟೆ ನೋಡಿದಳು, ಏನೂ ಕೇಳಲಿಲ್ಲ.

ಬುಧವಾರ ಚಿತ್ರವನ್ನಾದರೂ ಪೂರ್ತಿ ಇಳಿಸೋಣ ಅಂತ ಕೂತ. ಮೂವತ್ತೊಂದನೆಯ ನಿಮಿಷಕ್ಕೆ ಬಂದದ್ದೇ ಪರದೆ ನಡುಗಿ, ಅಡ್ಡಗೆರೆ ಎದ್ದು, ಪೂರ್ತಿ ನೀಲಿಯಾಗಿ ಇಳಿಯುವುದೇ ನಿಂತುಬಿಟ್ಟಿತು. ವೈರು ಬದಲಾಯಿಸಿದ. ಡಬ್ಬಿ ತೆಗೆದು ಇನ್ನೊಂದು ತೂತಿಗೆ ಚುಚ್ಚಿದ. ಕಂಪ್ಯೂಟರನ್ನು ಆರಿಸಿ ಹಚ್ಚಿದ. ವಿಸಿಆರಿನೊಳಗೆ ಟೇಪು ಓದುವ ಹೆಡ್ಡನ್ನು ಎರಡು ಸಲ ಒರೆಸಿದ. ಮತ್ತೆ ಮೂವತ್ತೊಂದು ನಿಮಿಷ, ಮತ್ತೆ ನೀಲಿ. ಹಾಳಾಗಿ ಹೋಗಲಿ ಅಂತ ಆ ಜಾಗ ದಾಟಿಸಿ ಮುಂದಿನದನ್ನು ಇಳಿಸಿದ. ಅದು ಸಲೀಸಾಗಿ ಇಳಿಯಿತು. ಕೇಕು ಕತ್ತರಿಸಿದ್ದು, ಫೋಟೋಗೆ ನಿಂತದ್ದು, ಬಂದವರು ಹೊರಟದ್ದು. ಇದರಲ್ಲಿ ಒಂದು ವಿಚಿತ್ರವಿತ್ತು. ಮೊದಲ ಅರ್ಧದಲ್ಲಿ ಬಾಯಿ ಮುಚ್ಚದ ತಾಯಿ ಈ ಅರ್ಧದಲ್ಲಿ ಬಾಯಿ ಬಿಡಲೇ ಇಲ್ಲ. ಸುಮ್ಮನೆ ನಗುತ್ತ ಕೂತಿದ್ದಾಳೆ. ದಣಿದಿರಬೇಕು ಪಾಪ ಅಂದುಕೊಂಡ ಮಾಮ.

ಆಮೇಲೆ ಟೇಪನ್ನು ಹೊರತೆಗೆದು, ಮುಚ್ಚಳ ಎತ್ತಿ, ಆ ಕೆಟ್ಟ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದ. ಅಲ್ಲಿ ಬೂಷ್ಟಿರಲಿಲ್ಲ. ಒಂದು ಮೊಳದಷ್ಟು ಉದ್ದ ಟೇಪು ಸವೆದು ಹೊಳಪು ಕಳೆದುಕೊಂಡಿತ್ತು. ಟೇಪು ತಾನಾಗಿ ಒಂದೇ ಜಾಗದಲ್ಲಿ ಸವೆಯುವುದಿಲ್ಲ. ಯಾರೋ ಅಲ್ಲಿಗೆ ಬಂದು ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಸುತ್ತಿ, ಮತ್ತೆ ಹಾಕಿ, ಮತ್ತೆ ಸುತ್ತಿ, ವರ್ಷಗಟ್ಟಲೆ ಅದನ್ನೇ ಮಾಡಿದರೆ ಮಾತ್ರ ಹೀಗಾಗುತ್ತದೆ. ಟೇಪು ನಡುವೆ ನಿಂತಿದ್ದೂ ಅಲ್ಲೇ. ಬೀರುವಿನಲ್ಲಿ ಶರ್ಟಿನ ಅಡಿ ಇಟ್ಟವನು ಅಪ್ಪ. ಅಂದರೆ ನೋಡಿದವನೂ ಅವನೇ. ಅಂಥದ್ದೇನಿದೆ ಅಲ್ಲಿ?

ಮೂವತ್ತೊಂದು. ಹೂವಿನಾಟ ಒಂದು ನಿಮಿಷ. ಉಳಿದದ್ದು ಮೂವತ್ತು. ಮಾಮ ಹಣೆ ಚಚ್ಚಿಕೊಂಡ. ಹಾಡಿನ ಕ್ಯಾಸೆಟ್ಟಿನ ಒಂದು ಮಗ್ಗುಲು ಮೂವತ್ತು ನಿಮಿಷ!

ಮೊದಲ ಮಗ್ಗುಲು ಮುಗಿದಾಗ ಕ್ಯಾಸೆಟ್ಟನ್ನು ಕೈಯಿಂದ ತಿರುಗಿಸಿ ಹಾಕಬೇಕಿತ್ತು. ಅಷ್ಟು ಹೊತ್ತು ವಿಡಿಯೋ ಮೂಕವಾಗಿ ಓಡಿದರೆ, ಸೌಂಡು ಹೋಗಿದೆ ಅಂತ ಗಿರಾಕಿ ಜಗಳಕ್ಕೆ ಬರುತ್ತಿದ್ದ. ಅದಕ್ಕೇ ಮಾಮನದೊಂದು ಪದ್ಧತಿ. ಎಡಗೈಯಲ್ಲಿ ಅಸಲು ಶಬ್ದದ ಗುಂಡಿ ಮೇಲೆತ್ತಿ, ಬಲಗೈಯಲ್ಲಿ ಕ್ಯಾಸೆಟ್ಟು ತಿರುಗಿಸಿ, ಹಾಡು ಶುರುವಾದ ತಕ್ಷಣ ಗುಂಡಿ ಇಳಿಸುವುದು. ಹತ್ತು ಹನ್ನೆರಡು ಸೆಕೆಂಡಿನ ಕೆಲಸ. ಇಡೀ ಟೇಪಿನಲ್ಲಿ ಅಸಲು ಶಬ್ದ ಉಳಿದಿದ್ದರೆ ಅಲ್ಲಿ ಮಾತ್ರ. ಆ ಅಪ್ಪ ಅದನ್ನು ಕಂಡುಕೊಂಡಿದ್ದ. ಕೇಳಿ ಕೇಳಿ ಅದನ್ನೇ ಸವೆಸಿದ್ದ.

ಈಗ ಮಾಮನಿಗೆ ಮೈಯೆಲ್ಲ ಕಿವಿ. ಚಿತ್ರ ನಡುಗಿದರೆ ಡಬ್ಬಿ ಚಿತ್ರವನ್ನೂ ಶಬ್ದವನ್ನೂ ಒಟ್ಟಿಗೆ ಕಡಿದುಹಾಕುತ್ತದೆ, ಅದರ ಬುದ್ಧಿ ಅಷ್ಟೇ. ಆದರೆ ಶಬ್ದಕ್ಕೆ ಚಿತ್ರದ ಹಂಗಿಲ್ಲ. ಡಬ್ಬಿಯನ್ನು ಪಕ್ಕಕ್ಕೆ ತಳ್ಳಿ, ವಿಸಿಆರಿನ ಶಬ್ದದ ವೈರನ್ನಷ್ಟೇ ನೇರವಾಗಿ ಕಂಪ್ಯೂಟರಿನ ಮೈಕಿನ ತೂತಿಗೆ ಕೊಟ್ಟ. ಪ್ರಯತ್ನಕ್ಕೆ ಸ್ವಲ್ಪ ಓಡಿಸಿದರೆ ಗುಂಯ್ ಅನ್ನುವ ಗುನುಗು. ಕೆಳಗಿನ ಟೈಲರನ ಮೋಟಾರು, ಕರೆಂಟು ಲೈನಿನಲ್ಲೇ ಹತ್ತಿ ಬಂದದ್ದು. ಮಾಮ ಮೆಟ್ಟಿಲಿಳಿದು ಹೋಗಿ, ಒಂದು ಹತ್ತು ನಿಮಿಷ ಮೆಷಿನ್ ನಿಲ್ಲಿಸ್ತೀಯಾ ಅಂತ ಕೇಳಿದ. ಏನು, ಮೇಲೆ ಮುಹೂರ್ತ ಇಟ್ಟಿದೀಯಾ ಅಂತ ಟೈಲರು ಛೇಡಿಸಿದ. ಮಾಮನ ಮುಖ ನೋಡಿದವನೇ ಮೆಷಿನ್ನಿನ ಜೊತೆ ಫ್ಯಾನನ್ನೂ ಆರಿಸಿದ.

ಮೊದಲ ಸಲ ಬರೀ ಸುಯ್ ಅಂದಿತು. ಹೆಡ್ಡು ಒರೆಸಿ ಮತ್ತೆ ಹಾಕಿದ. ಎರಡನೆಯ ಸಲ ನೀರಿನೊಳಗಿಂದ ಬಂದ ಹಾಗೆ ಏನೋ ಗೊಳಗೊಳ. ಹಲ್ಲು ಕಚ್ಚಿ ಮೂರನೆಯ ಸಲ ಹಾಕಿದ. ಈ ಸಲ ಬಂತು. ಹಾಡು ತಿರುಗಿ ಶುರುವಾದ ಮೇಲೆ ಪಟ್ ಅಂತ ಟೇಪು ತುಂಡಾಯಿತು. ಆಗುವುದೆಲ್ಲ ಆಗಿತ್ತು, ಇನ್ನು ತುಂಡಾದರೂ ಅಷ್ಟೇ.

ಹೆಡ್‌ಫೋನು ಹಾಕಿಕೊಂಡು ಕೇಳಿದ. ಹನ್ನೊಂದು ಸೆಕೆಂಡು. ಹಾಡು ನಿಲ್ಲುತ್ತದೆ. ಕೋಣೆಯ ಗದ್ದಲ, ಮಗುವಿನ ಕೇಕೆ. ಒಬ್ಬ ಗಂಡಸು ಗಟ್ಟಿಯಾಗಿ, ತುಂಬ ಹತ್ತಿರದಿಂದ ಹೇಳುತ್ತಾನೆ: “ಅಮ್ಮಾ, ಮಾತಾಡ್ಬೇಡಿ. ಹೆಂಗಿದ್ರೂ ಹಾಡು ಹಾಕ್ತೀವಿ. ಸುಮ್ನೆ ನಗ್ತಾ ಇರಿ.” ಆಮೇಲೆ ಒಂದು ಹೆಣ್ಣುದನಿ: “ಹೌದಾ? ಸರಿ.” ಅದೇ ದನಿ, ಇನ್ನೂ ತಗ್ಗಿ, ಮಗುವಿಗೆ: “ನಾವಿಬ್ರೂ ಆಮೇಲೆ ಮಾತಾಡೋಣ, ಆಯ್ತಾ?” ಹಾಡು.

ಆ ಗಂಡಸಿನ ದನಿ ಯಾರದು ಅಂತ ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಕ್ಯಾಮೆರಾ ಹೆಗಲ ಮೇಲಿದ್ದವನು ಅವನೇ ತಾನೇ. ದ್ವಿತೀಯಾರ್ಧದಲ್ಲಿ ಆ ತಾಯಿ ಯಾಕೆ ಬಾಯಿ ಬಿಡಲಿಲ್ಲ ಅನ್ನುವುದೂ ಈಗ ಗೊತ್ತಾಯಿತು. ದಣಿದಿರಲಿಲ್ಲ. ಹೇಳಿದ ಮಾತು ಕೇಳಿದ್ದಳು. ಮೊದಲ ಅರ್ಧ ಗಂಟೆ ಅವಳು ಆಡಿದ್ದನ್ನು ಮಾಮ ಗುಂಡಿ ಇಳಿಸಿ ಅಳಿಸಿದ್ದ, ಉಳಿದದ್ದನ್ನು ಅವಳು ಆಡದ ಹಾಗೇ ಮಾಡಿದ್ದ. ಹೆಡ್‌ಫೋನು ತೆಗೆದಿಟ್ಟು ಮಾಮ ಮುದುಕರು ಅಳುವ ಹಾಗೆ, ಸದ್ದಿಲ್ಲದೆ ಅತ್ತ. ಕೆಳಗಿನಿಂದ ಟೈಲರು, ಶುರು ಮಾಡ್ಲಾ ಅಂತ ಕೂಗಿದ. ಉತ್ತರ ಬರದಿದ್ದಕ್ಕೆ ಇನ್ನೂ ಅರ್ಧ ಗಂಟೆ ಕೈಕಟ್ಟಿ ಕೂತ.

ಗುರುವಾರ ಬೆಳಗ್ಗೆ ಆ ಹನ್ನೊಂದು ಸೆಕೆಂಡನ್ನು ಕಂಪ್ಯೂಟರಿನಲ್ಲಿ ಹರವಿಕೊಂಡು ಕೂತ. ಆ ಜಾಗದಲ್ಲಿ ಚಿತ್ರ ಉಳಿದಿರಲಿಲ್ಲ, ಅದಕ್ಕೆ ಸ್ವಲ್ಪ ಮೊದಲಿನ ತಾಯಿಯ ಮುಖವನ್ನು ತಂದು ನಿಲ್ಲಿಸಿದ. ಸುಯ್‌ಗುಟ್ಟುವುದನ್ನು ಎಷ್ಟು ಸಾಧ್ಯವೋ ಅಷ್ಟು ತಗ್ಗಿಸಿದ. ಆಮೇಲೆ ಅವನ ಕೈ ಮೌಸಿನ ಮೇಲೆ ತಡೆಯಿತು. ಪರದೆಯ ಮೇಲೆ ಗಂಡಸಿನ ದನಿ ದಪ್ಪ ಗುಡ್ಡದ ಹಾಗೆ ಎದ್ದು ಕಾಣುತ್ತಿತ್ತು. ಐದು ಸೆಕೆಂಡು. ಎರಡು ಕಡೆ ಗೆರೆ ಹಾಕಿ ಒಂದು ಕೀಲಿ ಒತ್ತಿದರೆ ಮುಗಿಯಿತು. ಆ ಹುಡುಗಿಗೆ ಬೇಕಾದ್ದು ಅವಳಮ್ಮನ ದನಿ, ತನ್ನದಲ್ಲ. ತನ್ನ ಒರಟು ಮಾತು ಅವಳಿಗೇಕೆ? ಹೀಗೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡು ಒತ್ತಿಬಿಟ್ಟ. ತುಂಡುಗಳು ಕೂಡಿದವು, ಗಾಯವೂ ಕಾಣಲಿಲ್ಲ. ಅಳಿಸುವುದರಲ್ಲಿ ಮಾಮನ ಕೈ ಮೊದಲಿನಿಂದಲೂ ಪಳಗಿದ್ದು. ಆದರೂ ಪೂರ್ತಿ ಇರುವ ತುಂಡನ್ನು ಯಾಕೋ ಬಿಸಾಡಲು ಮನಸ್ಸು ಬರದೆ ಬೇರೆ ಹೆಸರಿನಲ್ಲಿ ಉಳಿಸಿಟ್ಟ.

ಟೋಕನ್ ಹುಡುಗಿ ಮಧ್ಯಾಹ್ನದ ಬಿಡುವಿನಲ್ಲಿ ಬಂದಳು. ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಮಾಮ ಮೊದಲು ಹಾಡಿನ ವಿಷಯ ಹೇಳಿದ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು ಅನ್ನುವುದನ್ನು ಎರಡು ಸಲ ಹೇಳಿದ. ಅವಳು ತಲೆಯಾಡಿಸಿದಳು. ಪೂರ್ತಿ ಸಿಗಲಿಲ್ಲಮ್ಮ, ಚೂರು ಸಿಕ್ಕಿದೆ ಅಂದ. ಅವಳು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದಳು.

ಕೇಳಿದಳು. ಮತ್ತೆ ಕೇಳಿದಳು. ಆರೇಳು ಸಲ ಆದ ಮೇಲೆ ಹೆಡ್‌ಫೋನನ್ನು ಕೊರಳಿಗಿಳಿಸಿದಳು.

“ಯಾರಿಗೆ ‘ಸರಿ’ ಅಂದಿದ್ದು?”

ಯಾರೋ ನೆಂಟರಿರಬೇಕು ಅಂದ ಮಾಮ.

“ಆಮೇಲೆ ಯಾಕೆ? ನಾನು ಅವಳ ತೊಡೆ ಮೇಲೇ ಇದ್ದೆನಲ್ಲ. ಆಗ್ಲೇ ಮಾತಾಡ್ಬಹುದಿತ್ತಲ್ಲ.”

ಅವಳು ತಪ್ಪು ಹುಡುಕುತ್ತಿರಲಿಲ್ಲ. ಅಮ್ಮನಿಗೆ ತನ್ನ ಜೊತೆ ಮಾತಾಡಲು ಪುರುಸೊತ್ತಿರಲಿಲ್ಲವೇನೋ ಅನ್ನುವ ಅನುಮಾನ ಅವಳ ಮುಖದಲ್ಲಿತ್ತು. ಅದನ್ನು ನೋಡಿ ಮಾಮನಿಗೆ ತಡೆಯಲಾಗಲಿಲ್ಲ. ತನ್ನ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಸತ್ತವಳ ಮೇಲೆ ಇಲ್ಲದ ತಪ್ಪು ಹೊರಿಸಿದಂತಾಗಿತ್ತು. ಅವನು ಹೆಡ್‌ಫೋನಿನ ವೈರು ಕಿತ್ತು, ಪೂರ್ತಿ ಇರುವ ತುಂಡನ್ನು ಸ್ಪೀಕರಿನಲ್ಲಿ ಹಾಕಿದ. ಅಮ್ಮಾ, ಮಾತಾಡ್ಬೇಡಿ ಅನ್ನುವ ದನಿ ಆ ಪುಟ್ಟ ಕೋಣೆಯಲ್ಲಿ ಗೋಡೆಗೆ ಬಡಿಯಿತು.

“ಅದು ನಾನಮ್ಮ,” ಅಂದ ಮಾಮ. “ನಾನೇ ಸುಮ್ನಿರಿಸಿದ್ದು. ನಿಮ್ಮಮ್ಮ ಅದಕ್ಕೆ ಮೊದಲು ಅರ್ಧ ಗಂಟೆ ನಿನ್ನ ಹತ್ರಾನೇ ಮಾತಾಡಿದಾರೆ. ಅದರ ಮೇಲೆ ಹಾಡು ಹಾಕಿದವನೂ ನಾನೇ. ಬೆಳಗ್ಗೆ ನನ್ನ ದನಿ ತೆಗೆದುಹಾಕಿದ್ದೆ. ಹೇಳೋಕೆ ಮುಖ ಇರಲಿಲ್ಲ.”

ಅವಳು ಬೈಯಲಿಲ್ಲ. ಬೈದಿದ್ದರೆ ಮಾಮನಿಗೆ ಎಷ್ಟೋ ಹಗುರಾಗುತ್ತಿತ್ತು. ಟೇಪು ಸವೆದದ್ದನ್ನೂ ಅವನು ಹೇಳಿದ, ಭೂತಗನ್ನಡಿ ಕೊಟ್ಟು ಆ ಒಂದು ಮೊಳ ಜಾಗ ತೋರಿಸಿದ. ಅವಳು ಅದನ್ನು ತುಂಬ ಹೊತ್ತು ನೋಡಿದಳು. ಭಾನುವಾರ ಮನೆಯವರೆಲ್ಲ ಹೊರಗೆ ಹೊರಟರೆ ಅಪ್ಪ ತಲೆನೋವು ಅಂತ ಒಬ್ಬನೇ ಮನೆಯಲ್ಲಿ ಉಳಿಯುತ್ತಿದ್ದನಂತೆ. ಎಷ್ಟೋ ವರ್ಷ. ಒಂದು ಸಲ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬಹುದಿತ್ತು ಅಂತ ಅಷ್ಟೇ ಅಂದಳು.

ಆಮೇಲೆ ಗಂಟಲು ಸರಿಮಾಡಿಕೊಂಡು, ಪರದೆಯ ಮೇಲೆ ನಿಂತ ಮುಖವನ್ನೇ ನೋಡುತ್ತ, ಮೆಲ್ಲಗೆ ಹೇಳಿದಳು: “ನಾವಿಬ್ರೂ ಆಮೇಲೆ ಮಾತಾಡೋಣ, ಆಯ್ತಾ?” ಹೇಳಿ ಮಾಮನ ಕಡೆ ತಿರುಗಿದಳು. “ಒಂದೇ ಥರ ಇದೆಯಾ ಮಾಮ?”

ನಲವತ್ತು ವರ್ಷ ಶಬ್ದ ಕೇಳಿ ಬದುಕಿದ ಕಿವಿ ಅದು. ಆದರೆ ಟೇಪಿನ ದನಿ ಸವೆದು ಸೀಳಿಹೋಗಿತ್ತು, ಅದೂ ನಾಲ್ಕು ಸೆಕೆಂಡು. ಹೌದು ಅಂದುಬಿಡಬಹುದಿತ್ತು. ಆಗಲೇ ಒಂದು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಬಾಯಿ ಬರಲಿಲ್ಲ.

“ಇಷ್ಟರಲ್ಲಿ ಗೊತ್ತಾಗಲ್ಲಮ್ಮ. ಇನ್ನೂ ಸ್ವಲ್ಪ ಇದ್ದಿದ್ರೆ...”

“ಇತ್ತಲ್ಲ ಮಾಮ,” ಅಂದಳು ಅವಳು. “ಅರ್ಧ ಗಂಟೆ ಇತ್ತಲ್ಲ.”

ದನಿ ಏರಿಸಲಿಲ್ಲ. ಪೂರ್ತಿ ಇರುವುದನ್ನೇ ಪೆನ್ ಡ್ರೈವಿಗೆ ಹಾಕಿಸಿಕೊಂಡಳು. ಕತ್ತರಿಸಿದ್ದನ್ನು ತನ್ನೆದುರೇ ಅಳಿಸಲು ಹೇಳಿದಳು, ಮಾಮ ಅಳಿಸಿದ. ತುಂಡಾದ ಟೇಪನ್ನು ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿ, ಬಿಡುವು ಮುಗಿಯಿತು ಅಂತ ಗಡಿಯಾರ ನೋಡಿ ಮೆಟ್ಟಿಲಿಳಿದಳು. ಮಾಮ ಕಿಟಕಿಯಿಂದ ನೋಡುತ್ತ ನಿಂತ. ಬೀದಿ ದಾಟುವಾಗ ಅವಳ ತುಟಿ ಅಲುಗುತ್ತಿತ್ತು, ಏನು ಹೇಳಿಕೊಳ್ಳುತ್ತಿದ್ದಳೋ ಮೇಲಿನವರೆಗೆ ಕೇಳಿಸಲಿಲ್ಲ.

ಅವತ್ತು ಮಾಮ ಬೇಗ ಬೀಗ ಹಾಕಿದ. ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಇವನನ್ನು ನೋಡಿ ಎದ್ದು ನೀರು ತಂದುಕೊಟ್ಟು, ತಿರುಗಿ ತನ್ನ ಜಾಗದಲ್ಲಿ ಕೂತಳು. ಮಾಮ ಅವಳ ಎದುರಿನ ಕುರ್ಚಿಯಲ್ಲಿ ಕೂತ. ಅವಳು ಇನ್ನೆರಡು ಟವೆಲ್ಲು ಮಡಿಸಿದಳು.

“ಏನಾದ್ರೂ ಮಾತಾಡು,” ಅಂದ.

ಅವಳು ತಲೆಯೆತ್ತಿದಳು. “ಏನಂತ?”

“ಏನಾದ್ರೂ. ನೀನು ಮುಂಚೆ ಮಾತಾಡ್ತಿದ್ದೆಯಲ್ಲ.”

ಅವಳು ಕೊಂಕು ನುಡಿಯಲಿಲ್ಲ. ಕೈಯಲ್ಲಿ ಟವೆಲ್ಲು ಹಿಡಿದುಕೊಂಡು ನಿಜವಾಗಿಯೂ ಯೋಚಿಸಿದಳು. ಒಂದೆರಡು ಸಲ ಬಾಯಿ ತೆರೆಯುವುದರಲ್ಲಿದ್ದಳು. ಆಗಲಿಲ್ಲ.

“ನೆನಪಾದ್ರೆ ಹೇಳ್ತೀನಿ ಬಿಡಿ,” ಅಂದು ಎದ್ದು ಟೀವಿ ಹಾಕಿದಳು. ಹಾಕಿ, ಗಂಡನಿಗೆ ಗಲಾಟೆ ಆಗದಿರಲೆಂದು ಸದ್ದು ಕಡಿಮೆ ಮಾಡಿದಳು.